ಬೇಸಿಗೆ ಹೊಂಡದಲ್ಲಿ ಮೀನಿನ ಉಸಿರು

ಬೇಸಿಗೆಯಲ್ಲಿ ಸಾಕಿದ ಮೀನು ಸಾಯುವುದು ಹೆಚ್ಚಾಗಿ ನಸುಕಿನ ಹೊತ್ತಿಗೆ. ಮಧ್ಯಾಹ್ನದ ಉರಿಬಿಸಿಲನ್ನು ಹೇಗೋ ತಡೆದುಕೊಂಡು, ಸಂಜೆ ಹಾಕಿದ ಹಿಂಡಿ-ತವುಡಿಗೆ ಮುಗಿಬಿದ್ದ ಕಾಟ್ಲಾಗಳು ಬೆಳಗ್ಗೆ ಆರಕ್ಕೆ ಹೊಂಡದ ಅಂಚಿನಲ್ಲಿ ಬಾಯಿ ತೆರೆದು ಬಿದ್ದಿರುತ್ತವೆ. ರಾತ್ರಿ ಯಾರೋ ವಿಷ ಹಾಕಿದರು ಎಂಬ ಮಾತು ಹುಟ್ಟುತ್ತದೆ, ಪಕ್ಕದ ಜಮೀನಿನವರೊಂದಿಗೆ ಮನಸ್ತಾಪವೂ ಆಗುತ್ತದೆ. ಎಷ್ಟೋ ಸಲ ಅಲ್ಲಿ ನಡೆದದ್ದು ಇಷ್ಟೇ: ನೀರಿನಲ್ಲಿ ಕರಗಿದ್ದ ಆಮ್ಲಜನಕ ಬೆಳಗಾಗುವಷ್ಟರಲ್ಲಿ ತೀರಿಹೋಗಿರುತ್ತದೆ. ಸಂಜೆಯೇ ಹೊಂಡದ ಬಳಿ ಹತ್ತು ನಿಮಿಷ ನಿಂತು ನೋಡಿದ್ದರೆ ಇದರ ಸೂಚನೆ ಸಿಕ್ಕಿರುತ್ತಿತ್ತು. ಹಾಗಾಗಿ ಈ ಲೇಖನದಲ್ಲಿ ಯಂತ್ರಗಳಿಗಿಂತ ಸಂಜೆಯ ಆ ಹೊತ್ತಿನ ಬಗ್ಗೆಯೇ ಹೆಚ್ಚು ಮಾತಿದೆ.

ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಬಯಲುಸೀಮೆಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಕೃಷಿ ಹೊಂಡಗಳು ಊರೂರಲ್ಲೂ ಆಗಿವೆ. ಹೇಗೂ ನೀರಿದೆಯಲ್ಲ ಎಂದು ಮೀನುಮರಿ ಬಿಡುವವರೂ ಹೆಚ್ಚಾಗಿದ್ದಾರೆ. ಒಳ್ಳೆಯ ಉಪಕಸುಬು ಇದು. ಆದರೆ ಈ ಹೊಂಡಗಳನ್ನು ತೋಡಿದ್ದು ಬೆಳೆಗೆ ನೀರು ಹಿಡಿದಿಡಲು. ಕಡಿದಾದ ಇಳಿಜಾರು, ಸುತ್ತ ಎತ್ತರದ ಬದು, ಮೂರು ಮೀಟರ್ ಆಳ. ಕೆರೆಯ ಮೇಲೆ ಬೀಸುವಂತೆ ಗಾಳಿ ಇಲ್ಲಿ ಬೀಸುವುದಿಲ್ಲ, ಅಲೆ ಏಳುವುದಿಲ್ಲ. ಹೀಗಾಗಿ ಕೆರೆಯಲ್ಲಿ ತನ್ನಷ್ಟಕ್ಕೆ ಆಗುವ ಕೆಲಸವನ್ನು ಇಲ್ಲಿ ನಾವೇ ಮಾಡಬೇಕಾಗುತ್ತದೆ.

ಬಿಸಿ ನೀರು ಮತ್ತು ರಾತ್ರಿಯ ಖರ್ಚು

ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಸಿಹಿನೀರು ಗಾಳಿಯಿಂದ ಸುಮಾರು 9.1 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ 30 ಡಿಗ್ರಿಯಲ್ಲಿ 7.6, 35 ಡಿಗ್ರಿಯಲ್ಲಿ 7ರ ಆಸುಪಾಸು. ಇದು ಸಮುದ್ರಮಟ್ಟದ ಲೆಕ್ಕ. ಬೆಂಗಳೂರು, ಕೋಲಾರದಂಥ 800–900 ಮೀಟರ್ ಎತ್ತರದ ಸೀಮೆಯಲ್ಲಿ ಇದರಲ್ಲೂ ಹತ್ತನೇ ಒಂದು ಪಾಲು ಖೋತಾ. ಇತ್ತ ಮೀನು ತಣ್ಣನೆಯ ರಕ್ತದ ಪ್ರಾಣಿ. ನೀರಿನ ಬಿಸಿ ಹತ್ತು ಡಿಗ್ರಿ ಏರಿದರೆ ಅದು ಬಳಸುವ ಆಮ್ಲಜನಕ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಗೆಂಡೆ ಜಾತಿಯ ಮೀನು ಚೆನ್ನಾಗಿ ತಿಂದು ಬೆಳೆಯಲು ಲೀಟರಿಗೆ 5 ಮಿಲಿಗ್ರಾಂ ಇರಬೇಕು. 3ಕ್ಕಿಂತ ಕೆಳಗಿಳಿದರೆ ಸಂಕಟ ಶುರು, 1ರ ಹತ್ತಿರ ಬಂದರೆ ಸಾವು.

ಹಗಲಿನಲ್ಲಿ ಹೊಂಡಕ್ಕೆ ಆಮ್ಲಜನಕ ಕೊಡುವುದು ಮುಖ್ಯವಾಗಿ ನೀರಿನ ಹಸಿರು, ಅಂದರೆ ಕಣ್ಣಿಗೆ ಬಿಡಿಬಿಡಿಯಾಗಿ ಕಾಣದ ಸೂಕ್ಷ್ಮ ಪಾಚಿ. ಬಿಸಿಲಿದ್ದಾಗ ಅದು ತಯಾರಿಸುತ್ತದೆ, ಕತ್ತಲಾದ ಮೇಲೆ ಅದೂ ಉಸಿರಾಡುತ್ತದೆ. ಹಸಿರು ದಟ್ಟವಾಗಿರುವ ಹೊಂಡದಲ್ಲಿ ಮಧ್ಯಾಹ್ನ ಮೂರಕ್ಕೆ ಮೇಲ್ನೀರಿನ ಆಮ್ಲಜನಕ 12 ಮಿಲಿಗ್ರಾಂ ದಾಟಬಹುದು, ಅದೇ ಹೊಂಡದಲ್ಲಿ ಬೆಳಗಿನ ಜಾವ 2ಕ್ಕೆ ಇಳಿಯಲೂಬಹುದು. ಮಧ್ಯಾಹ್ನ ಅಳೆದು ನೋಡಿ ನೆಮ್ಮದಿಪಟ್ಟುಕೊಂಡವರು ಮೋಸಹೋಗುವುದು ಇಲ್ಲೇ.

ಇದನ್ನು ಒಂದು ಹೊಂಡದ ಲೆಕ್ಕದಲ್ಲೇ ನೋಡೋಣ. 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳ, ಬದಿ ಒಂದಕ್ಕೊಂದು ಇಳಿಜಾರು. ತುಂಬಿದಾಗ ಸುಮಾರು 10 ಲಕ್ಷ ಲೀಟರ್. ಇಷ್ಟು ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಎಂದರೆ ಒಟ್ಟು ಒಂದು ಕೆ.ಜಿ. ಆಮ್ಲಜನಕ. ಸಂಜೆ 9 ಮಿಲಿಗ್ರಾಂ ಇದ್ದರೆ ದಾಸ್ತಾನು 9 ಕೆ.ಜಿ. ಹೊಂಡದಲ್ಲಿ ಐದು ಕ್ವಿಂಟಾಲ್ ಮೀನಿದ್ದರೆ, ಕೆ.ಜಿ. ಮೀನಿಗೆ ಗಂಟೆಗೆ ಕಾಲು ಗ್ರಾಂ ಹಿಡಿದರೂ ರಾತ್ರಿಯಿಡೀ ಅವು ಉಸಿರಾಡುವುದು ಒಂದೂವರೆ ಕೆ.ಜಿ.ಗಿಂತ ಕಡಿಮೆ. ಬೆಳಗಿನ ಜಾವಕ್ಕೆ ದಾಸ್ತಾನು 2 ಕೆ.ಜಿ.ಗೆ ಇಳಿದಿದ್ದರೆ ಮಿಕ್ಕ ಐದೂವರೆ ಕೆ.ಜಿ. ಹೋದದ್ದೆಲ್ಲಿಗೆ? ಬಹುಪಾಲು ಪಾಚಿಗೆ, ಉಳಿದ ಆಹಾರ ಕೊಳೆಯುವುದಕ್ಕೆ, ತಳದ ಹೂಳಿಗೆ. ಅಂದರೆ ಮೀನಿನ ಉಸಿರು ಕಸಿಯುವುದು ಮುಖ್ಯವಾಗಿ ನಾವೇ ಹಾಕಿದ ಸಗಣಿ, ಹಿಂಡಿ, ಗೊಬ್ಬರ. ಈ ಒಂದು ಮಾತು ಮನಸ್ಸಿಗೆ ಬಂದರೆ ಬೇಸಿಗೆಯಲ್ಲಿ ಏನು ಮಾಡಬೇಕು ಎನ್ನುವುದರ ಅರ್ಧ ತಾನಾಗಿ ಹೊಳೆಯುತ್ತದೆ.

ಏಪ್ರಿಲ್ ಹೊತ್ತಿಗೆ ಬೆಳೆಗೆ ನೀರು ಹಾಯಿಸಿ ಹೊಂಡ ಅರ್ಧ ಆಳಕ್ಕೆ ಇಳಿದಿರುತ್ತದೆ. ಇಳಿಜಾರು ಬದಿಯ ಕಾರಣ ಅರ್ಧ ಆಳವೆಂದರೆ ಅರ್ಧ ನೀರಲ್ಲ. ಅದೇ ಹೊಂಡದಲ್ಲಿ ಆಗ ಉಳಿಯುವುದು ನಾಲ್ಕು ಲಕ್ಷ ಲೀಟರ್ ಮಾತ್ರ. ಮೀನು ಅಷ್ಟೇ, ಹೂಳು ಅಷ್ಟೇ, ದಾಸ್ತಾನು ಅರ್ಧಕ್ಕೂ ಕಡಿಮೆ. ಆದ್ದರಿಂದ ಯುಗಾದಿಯ ಹೊತ್ತಿಗೇ ಒಮ್ಮೆ ಬಲೆ ಎಳೆದು ಮಾರಾಟಕ್ಕೆ ಬಂದಷ್ಟನ್ನು ತೆಗೆದುಬಿಡುವುದು ನಾನು ಕೊಡುವ ಮೊದಲ ಸಲಹೆ. ಇನ್ನೊಂದು ತಿಂಗಳು ಬಿಟ್ಟರೆ ಕಾಲು ಕೆ.ಜಿ. ಹೆಚ್ಚು ತೂಗುತ್ತದೆ ಎಂಬ ಆಸೆ ಸಹಜ. ಆದರೆ ಉಸಿರುಗಟ್ಟಿದಾಗ ಮೊದಲು ಸಾಯುವುದು ಆ ದೊಡ್ಡ ಮೀನುಗಳೇ. ಬಲೆಯನ್ನು ಎಳೆಯುವುದು ಬೆಳಗ್ಗೆ ಬಿಸಿಲು ಬಿದ್ದು ಒಂದೆರಡು ಗಂಟೆಯಾದ ಮೇಲೆ ಇರಲಿ. ನಸುಕಿನಲ್ಲೇ ಎಳೆದು ತಳ ಕದಡಿದರೆ ಬಲೆಗೆ ಸಿಗದೆ ಉಳಿದ ಮೀನಿಗೂ ಕುತ್ತು.

ಸಂಜೆ ನೋಡಬೇಕಾದದ್ದು

ಮೊದಲು ನೀರಿನ ಬಣ್ಣ. ಅಂಚಿನಲ್ಲಿ ಕುಳಿತು ಅಂಗೈ ಮೇಲೆ ಮಾಡಿ ಕೈಯನ್ನು ನೇರ ಕೆಳಕ್ಕೆ ಇಳಿಸಿ. ನೀರು ಮೊಣಕೈ ಹತ್ತಿರ ಬರುವವರೆಗೂ ಅಂಗೈ ಮಸುಕಾಗಿ ಕಾಣುತ್ತಿದ್ದರೆ ಹಸಿರು ಹದವಾಗಿದೆ. ಮಣಿಕಟ್ಟು ಮುಳುಗುತ್ತಿದ್ದಂತೆ ಅಂಗೈ ಮಾಯವಾದರೆ ಪಾಚಿ ಅತಿಯಾಗಿದೆ, ಸಗಣಿ ಗೊಬ್ಬರವಾಗಲಿ ಸೂಪರ್ ಫಾಸ್ಫೇಟ್ ಆಗಲಿ ಇನ್ನು ಬೇಡ. ನಿನ್ನೆಯವರೆಗೆ ಹಸಿರಾಗಿದ್ದ ನೀರು ಇವತ್ತು ಒಮ್ಮೆಗೇ ಕಂದಾಗಿ, ಮೇಲೆ ಕೆನೆಗಟ್ಟಿ, ಕೆಟ್ಟ ವಾಸನೆ ಬರುತ್ತಿದ್ದರೆ ಅದು ದೊಡ್ಡ ಅಪಾಯದ ಗುರುತು. ಪಾಚಿ ಒಟ್ಟಿಗೆ ಸತ್ತಿದೆ. ಇನ್ನು ಆಮ್ಲಜನಕ ತಯಾರಿಸುವವರಿಲ್ಲ, ಕೊಳೆಯುವ ರಾಶಿ ಮಾತ್ರ ಇದೆ. ಆ ರಾತ್ರಿ ನಿದ್ದೆಗೆಡಲೇಬೇಕು.

ಎರಡನೆಯದು ಆಕಾಶ. ದಿನವಿಡೀ ಮೋಡ ಕವಿದು ಗಾಳಿ ನಿಂತು ಧಗೆ ಹೊಡೆಯುವ ದಿನವಿದೆಯಲ್ಲ, ನಮಗೆ ಮೈಯೆಲ್ಲ ಬೆವರುವ ದಿನ, ಅದು ಸುಡುಬಿಸಿಲಿನ ದಿನಕ್ಕಿಂತ ಮೀನಿಗೆ ಕೆಟ್ಟದ್ದು. ಹಗಲು ದಾಸ್ತಾನು ತುಂಬಿರುವುದಿಲ್ಲ, ರಾತ್ರಿಯ ಖರ್ಚು ಎಂದಿನಷ್ಟೇ ಇರುತ್ತದೆ. ಅಶ್ವಿನಿ, ಭರಣಿ ಮಳೆಯ ಮೊದಲ ಹೊಡೆತವೂ ಹಾಗೆಯೇ. ಬೇಸಿಗೆಯಿಡೀ ಆಳದ ಹೊಂಡದ ನೀರು ಪದರಗಟ್ಟಿರುತ್ತದೆ: ಮೇಲೆ ಬಿಸಿ, ಹಗುರ, ಕೆಳಗೆ ತಂಪು, ಆಮ್ಲಜನಕವಿಲ್ಲದ್ದು. ಆಲಿಕಲ್ಲು ಸಮೇತ ಬಿದ್ದ ತಣ್ಣನೆಯ ಮಳೆನೀರು ಕೆಳಗಿಳಿದು ತಳದ ಸತ್ತ ನೀರನ್ನು ಮೇಲಕ್ಕೆ ತಳ್ಳುತ್ತದೆ. ಅದರೊಂದಿಗೆ ಹೊಲದ ಕಸಕಡ್ಡಿ, ಕೊಟ್ಟಿಗೆಯ ಗಂಜಲವೂ ಹರಿದುಬರುತ್ತದೆ. ಮಳೆ ಬಂತಲ್ಲ, ಮೀನಿಗೆ ತಂಪಾಯಿತು ಎಂದುಕೊಂಡು ಮಲಗುವಂತಿಲ್ಲ. ಮೊದಲ ಮಳೆಯ ನೀರು ಹೊಂಡಕ್ಕೆ ಸೇರದಂತೆ ಒಳಹರಿವಿನ ಬಾಯಿ ಕಟ್ಟಿ, ಎರಡನೆಯ ಮಳೆಯಿಂದ ತುಂಬಿಸಿಕೊಳ್ಳುವುದು ಒಳ್ಳೆಯದು.

ಅಳೆಯುವ ಮೀಟರು ಇದ್ದವರಿಗೆ ಒಂದು ಸುಲಭ ಉಪಾಯವಿದೆ. ಸಂಜೆ ಏಳಕ್ಕೊಮ್ಮೆ, ರಾತ್ರಿ ಹತ್ತಕ್ಕೊಮ್ಮೆ ಅಳೆಯಿರಿ. ಏಳಕ್ಕೆ 9, ಹತ್ತಕ್ಕೆ 7.2 ಬಂತೆನ್ನಿ. ಮೂರು ಗಂಟೆಯಲ್ಲಿ 1.8 ಇಳಿದಿದೆ, ಗಂಟೆಗೆ 0.6. ಬೆಳಗ್ಗೆ ಆರಕ್ಕೆ ಇನ್ನೂ ಎಂಟು ಗಂಟೆ, ಇನ್ನೂ 4.8 ಹೋಗುತ್ತದೆ. ಉಳಿಯುವುದು 2.4. ರಾತ್ರಿಯ ಇಳಿತ ಹೆಚ್ಚುಕಡಿಮೆ ಒಂದೇ ಗತಿಯಲ್ಲಿ ಸಾಗುವುದರಿಂದ ಈ ಲೆಕ್ಕವನ್ನು ನಂಬಬಹುದು. ಹತ್ತು ಗಂಟೆಗೇ ಗೊತ್ತಾಗಿಬಿಟ್ಟರೆ ನಡುರಾತ್ರಿಗೆ ಮೋಟಾರು ಹಾಕಲು ಸಮಯವಿರುತ್ತದೆ.

ಮೀಟರು ಇಲ್ಲದವರು ನೀರು ಪರೀಕ್ಷೆಯ ಕಿಟ್ ಇಟ್ಟುಕೊಳ್ಳಬಹುದು. ಹಂಗೇರಿಯ ರಸಾಯನಶಾಸ್ತ್ರಜ್ಞ ವಿಂಕ್ಲರ್ 1888ರಲ್ಲಿ ಪ್ರಕಟಿಸಿದ ವಿಧಾನವೇ ಇಂಥ ಹಲವು ಕಿಟ್‌ಗಳ ಮೂಲ. ಸಣ್ಣ ಗಾಜಿನ ಸೀಸೆಗೆ ಗುಳ್ಳೆ ಸೇರದಂತೆ ನೀರು ತುಂಬಿ ಎರಡು ದ್ರಾವಣಗಳ ಹನಿ ಬಿಟ್ಟು ಮುಚ್ಚಿ ಅಲುಗಿಸಿದರೆ ಒಳಗೆ ಕೆಸರಿನಂತೆ ಒಂದು ವಸ್ತು ಇಳಿಯತೊಡಗುತ್ತದೆ. ಅದು ಕಂದಾಗಿದ್ದರೆ ಆಮ್ಲಜನಕವಿದೆ, ಕಂದು ಗಾಢವಾದಷ್ಟೂ ಹೆಚ್ಚು. ಹಾಲಿನಂತೆ ಬೆಳ್ಳಗೆ ಉಳಿದರೆ ಆ ನೀರಿನಲ್ಲಿ ಆಮ್ಲಜನಕವೇ ಇಲ್ಲ. ಹೊಂಡದ ಮೇಲಿನ ನೀರು ಒಂದು ಸೀಸೆ, ತಳದ ನೀರು ಒಂದು ಸೀಸೆ ಮಾಡಿ ಪಕ್ಕಪಕ್ಕ ಇಟ್ಟು ನೋಡಿ. ನೀರು ಪದರಗಟ್ಟುವುದೆಂದರೇನು ಎನ್ನುವುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಇದ್ಯಾವುದೂ ಇಲ್ಲದಿದ್ದರೆ ಮೀನೇ ಮೀಟರು. ಬೆಳಗಿನ ಜಾವ ಟಾರ್ಚ್ ಬಿಟ್ಟು ನೋಡಿ. ಮೀನು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿವೆಯೇ? ಕೈ ತಟ್ಟಿದರೆ, ಕಲ್ಲು ಎಸೆದರೆ ಸರಕ್ಕನೆ ಮುಳುಗಿ ಹೋದರೆ ಇನ್ನೂ ಸ್ವಲ್ಪ ಸಮಯವಿದೆ. ಶಬ್ದಕ್ಕೂ ಬೆಳಕಿಗೂ ಬೆದರದೆ ಹಾಗೇ ಬಾಯಾಡಿಸುತ್ತಿದ್ದರೆ ತಡಮಾಡುವಂತಿಲ್ಲ. ತಳದಲ್ಲೇ ಇರುವ ಮೃಗಾಲ್ ಮೇಲೆ ಬಂದಿದ್ದರೆ ಇನ್ನೂ ತುರ್ತು. ಕೊರವ ಮೀನು ಮೇಲೆ ಬಂದು ಗಾಳಿ ನುಂಗುವುದು ಅದರ ಸಹಜ ಗುಣ, ಅದನ್ನು ನೋಡಿ ಗಾಬರಿಯಾಗಬೇಡಿ.

ಗಾಳಿ ಆಡಿಸುವ ದಾರಿಗಳು

ಕುಂದಾಪುರ, ಕುಮಟಾ ಕಡೆಯ ಸೀಗಡಿ ಕೆರೆಗಳಲ್ಲಿ ನೀರನ್ನು ಚಿಮ್ಮಿಸುತ್ತಾ ತಿರುಗುವ ಚಕ್ರಗಳನ್ನು ನೀವು ನೋಡಿರಬಹುದು. ಒಂದು ಅಶ್ವಶಕ್ತಿಯ ಅಂಥ ಏರಿಯೇಟರ್ ಒಳ್ಳೆಯ ಸ್ಥಿತಿಯಲ್ಲಿದ್ದರೆ ನಮ್ಮ ಬಿಸಿ ನೀರಿನಲ್ಲಿ ಗಂಟೆಗೆ ಮುಕ್ಕಾಲು ಕೆ.ಜಿ. ಆಸುಪಾಸು ಆಮ್ಲಜನಕ ಕರಗಿಸಬಲ್ಲದು. ಮೇಲೆ ಲೆಕ್ಕ ಹಾಕಿದ ಹೊಂಡಕ್ಕೆ ಅದೊಂದು ಸಾಕು. ಆದರೆ ಮೂರು ಮೀಟರ್ ಆಳವಿರುವಾಗ ಚಕ್ರ ಕದಡುವುದು ಮೇಲಿನ ನೀರನ್ನು ಮಾತ್ರ. ಆಳದ ಹೊಂಡಕ್ಕೆ ದಡದ ಮೇಲೆ ಗಾಳಿಯಂತ್ರ ಇಟ್ಟು ತಳದಿಂದ ತುಸು ಮೇಲೆ ಗುಳ್ಳೆ ಬಿಡುವ ಪೈಪು ಹಾಸುವುದೇ ಮೇಲು ಎನ್ನುವುದು ನನ್ನ ಅಭಿಪ್ರಾಯ. ಪ್ಲಾಸ್ಟಿಕ್ ಹಾಳೆಯ ಮೇಲೆ ಗೂಟ ಹೊಡೆಯುವ ಪ್ರಶ್ನೆಯೂ ಬರುವುದಿಲ್ಲ.

ಏನೇ ಕೊಳ್ಳುವ ಮೊದಲು ಕರೆಂಟಿನ ಲೆಕ್ಕ ಹಾಕಿ. ಪಂಪ್‌ಸೆಟ್ಟಿನ ತ್ರೀ ಫೇಸ್ ಸರದಿಯಲ್ಲಿ ಬರುತ್ತದೆ. ಮೀನಿಗೆ ಬೇಕಾದದ್ದು ನಡುರಾತ್ರಿಯಿಂದ ಬಿಸಿಲು ಬೀಳುವವರೆಗೆ. ಆ ಹೊತ್ತಿನಲ್ಲಿ ಸಿಂಗಲ್ ಫೇಸ್ ಮಾತ್ರ ಇರುವ ಕಡೆ ಐದು ಅಶ್ವಶಕ್ತಿಯ ಮೋಟಾರು ಇದ್ದೂ ಉಪಯೋಗವಿಲ್ಲ, ಸಿಂಗಲ್ ಫೇಸಿನಲ್ಲಿ ಓಡುವ ಅರ್ಧ ಅಶ್ವಶಕ್ತಿಯದೇ ಆಪತ್ತಿಗೆ ಆಗುವುದು. ಎರಡೂ ಇಲ್ಲದ ರಾತ್ರಿಗೆ ಡೀಸೆಲ್ ಪಂಪು ಸಿದ್ಧವಿರಲಿ, ಟ್ಯಾಂಕಿನಲ್ಲಿ ಎಣ್ಣೆಯೂ ಇರಲಿ.

ಹೊಸ ಯಂತ್ರ ಕೊಳ್ಳದೆಯೂ ಬಹಳಷ್ಟು ಮಾಡಬಹುದು. ಹೊಂಡದ ನೀರನ್ನೇ ಎತ್ತಿ ಹೊಂಡಕ್ಕೇ ಬೀಳಿಸುವುದು ಹಳೆಯ, ನಂಬಿಕೆಯ ಉಪಾಯ. ಪೈಪಿನ ಬಾಯನ್ನು ನೀರೊಳಗೆ ಬಿಟ್ಟರೆ ಗಾಳಿ ಸೇರುವುದಿಲ್ಲ. ನಾಲ್ಕೈದು ಅಡಿ ಎತ್ತರಕ್ಕೆ ಕಟ್ಟಿ, ತೂತು ಕೊರೆದ ತಗಡಿನ ಮೇಲೆ ಬೀಳುವಂತೆ ಮಾಡಿ. ಧಾರೆ ಒಡೆದು ಸಣ್ಣ ಹನಿಯಾದಷ್ಟೂ ಲಾಭ. ಸ್ಪ್ರಿಂಕ್ಲರ್ ಜೆಟ್ಟು ಮನೆಯಲ್ಲಿದ್ದರೆ ಅದನ್ನೇ ಹೊಂಡದ ಕಡೆಗೆ ತಿರುಗಿಸಿ. ಹನಿ ನೀರಾವರಿಗೆ ಗೊಬ್ಬರ ಕೊಡಲು ಬಳಸುವ ವೆಂಚುರಿ ಇದ್ದವರು ಅದರ ಹೀರುನಳಿಕೆಯನ್ನು ಚೆನ್ನಾಗಿ ತೊಳೆದು ಗಾಳಿಗೆ ತೆರೆದಿಟ್ಟರೆ ಪೈಪಿನ ನೀರಿನೊಂದಿಗೆ ಗಾಳಿಗುಳ್ಳೆಯೂ ಹೊಂಡಕ್ಕೆ ಇಳಿಯುತ್ತದೆ.

ಬೋರ್‌ವೆಲ್ ನೀರು ತಂಪಾಗಿದೆ, ಅದನ್ನು ಬಿಟ್ಟರೆ ಮೀನು ಚೇತರಿಸಿಕೊಳ್ಳುತ್ತವೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇಲ್ಲಿ ಎಚ್ಚರ ಬೇಕು. ಆಳದಿಂದ ಬರುವ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ, ಕೆಲವೊಮ್ಮೆ ಇಲ್ಲವೇ ಇಲ್ಲ. ಇಂಗಾಲದ ಡೈಆಕ್ಸೈಡ್ ಹೆಚ್ಚಿರುತ್ತದೆ, ಕೆಲವು ಕಡೆ ಕಬ್ಬಿಣದ ಅಂಶವೂ. ಉಸಿರುಗಟ್ಟಿದ ಮೀನಿನ ಮೇಲೆ ಅದನ್ನು ನೇರ ಸುರಿದರೆ ಕೊಲ್ಲುವ ನೀರನ್ನೇ ಸುರಿದಂತೆ. ತಗಡಿನ ಮೇಲೆ ಹನಿಯೊಡೆದೋ, ಒಂದಿಷ್ಟು ದೂರ ಕಾಲುವೆಯಲ್ಲಿ ಹರಿದೋ ಬಂದರೆ ಅದೇ ನೀರು ಒಳ್ಳೆಯದು.

ಬೆಳೆಗೆ ನೀರು ಎತ್ತುವಾಗ ಫುಟ್‌ವಾಲ್ವನ್ನು ತೇಲಿಸಿಡಬೇಡಿ, ತಳದ ಹೂಳಿಗಿಂತ ಒಂದಡಿ ಮೇಲೆ ಇರಲಿ. ಮೀನಿಗೆ ಬೇಡವಾದ, ಗೊಬ್ಬರದ ಸಾರ ಕರಗಿರುವ ತಳದ ನೀರು ಟೊಮೆಟೊಗೋ ಮೆಣಸಿನಕಾಯಿಗೋ ಹೋಗುತ್ತದೆ, ಮೇಲಿನ ಒಳ್ಳೆಯ ನೀರು ಉಳಿಯುತ್ತದೆ. ಖರ್ಚಿಲ್ಲದ ಈ ಒಂದು ಬದಲಾವಣೆಯಷ್ಟು ಫಲ ಕೊಡುವ ಬೇರೆ ಉಪಾಯ ಕಡಿಮೆ. ಐದಡಿಗಿಂತ ಕೆಳಗೆ ನೀರು ಇಳಿಸಬಾರದು, ಅಷ್ಟೇ.

ಮಧ್ಯಾಹ್ನ ಒಂದರಿಂದ ಮೂರರ ನಡುವೆ ಕರೆಂಟಿದ್ದರೆ ಒಂದೆರಡು ಗಂಟೆ ನೀರು ತಿರುಗಿಸುವುದೂ ಒಳ್ಳೆಯದು. ಮೇಲ್ನೀರಿನಲ್ಲಿ ತುಂಬಿ ತುಳುಕುವ ಆಮ್ಲಜನಕ ಸಂಜೆ ಗಾಳಿಗೆ ಹಾರಿಹೋಗುವ ಮೊದಲು ಆಳಕ್ಕೆ ಇಳಿಯುತ್ತದೆ. ಇದನ್ನು ಬೇಸಿಗೆಯ ಆರಂಭದಿಂದಲೇ ದಿನವೂ ಮಾಡಬೇಕು. ತಿಂಗಳುಗಟ್ಟಲೆ ಪದರಗಟ್ಟಿದ ಹೊಂಡದ ತಳವನ್ನು ಒಂದು ದಿನ ಇದ್ದಕ್ಕಿದ್ದಂತೆ ಕಲಕಿದರೆ ಮೊದಲ ಮಳೆ ಮಾಡುವ ಅನಾಹುತವನ್ನು ನಾವೇ ಮಾಡಿದಂತಾಗುತ್ತದೆ.

ಅಂಗಡಿಯ ಔಷಧಿ, ಮನೆಯ ಸುಣ್ಣ

ಆಮ್ಲಜನಕದ ಮಾತ್ರೆ, ಪುಡಿ ಎಂದು ಮಾರುವುದರಲ್ಲಿ ಹೆಚ್ಚಾಗಿ ಇರುವುದು ಸೋಡಿಯಂ ಪರ್‌ಕಾರ್ಬೊನೇಟ್. ಅದು ಆಮ್ಲಜನಕ ಬಿಡುವುದು ನಿಜ. ಒಂದು ಕೆ.ಜಿ.ಯಿಂದ ಸಿಗುವುದು ಸುಮಾರು 130 ಗ್ರಾಂ. ಹತ್ತು ಲಕ್ಷ ಲೀಟರಿನ ಹೊಂಡದಲ್ಲಿ ಎರಡು ಮಿಲಿಗ್ರಾಂ ಏರಿಸಲು ಹದಿನೈದು ಕೆ.ಜಿ. ಬೇಕು. ಅರ್ಧ ಕೆ.ಜಿ. ಎರಚಿ ನಿಶ್ಚಿಂತರಾಗುವವರು ಈ ಲೆಕ್ಕ ನೋಡಲಿ. ಪಂಪು ಸಿದ್ಧವಾಗುವವರೆಗೆ ಮೀನು ಗುಂಪುಗೂಡಿದ ಮೂಲೆಗೆ ಎರಚಲು ಅದು ಸರಿ, ಅದಕ್ಕಿಂತ ಹೆಚ್ಚಿನ ನಂಬಿಕೆ ಬೇಡ. ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕಿದರೆ ಆಮ್ಲಜನಕ ಏರುತ್ತದೆ ಎನ್ನುವುದು ತಪ್ಪು. ಅದು ಪಾಚಿಯನ್ನು ಕೊಂದು ನಾಳೆಯ ಆಮ್ಲಜನಕಕ್ಕೂ ಕಲ್ಲು ಹಾಕಬಹುದು. ಸುಣ್ಣ ಬೇರೆ ಕಾರಣಗಳಿಗೆ ಒಳ್ಳೆಯದೇ. ಆದರೆ ಹಸಿರುಗಟ್ಟಿದ ಹೊಂಡದಲ್ಲಿ ಮಧ್ಯಾಹ್ನದ ಹೊತ್ತಿಗೆ ಕ್ಷಾರ ಆಗಲೇ ಏರಿರುತ್ತದೆ. ಆಗ ಸುಟ್ಟ ಸುಣ್ಣ ಸುರಿದರೆ ನೀರಿನಲ್ಲಿರುವ ಅಮೋನಿಯಾ ಇನ್ನಷ್ಟು ವಿಷವಾಗುತ್ತದೆ. ಕಳೆನಾಶಕ ಸಿಂಪಡಿಸಿ ಅಂತರಗಂಗೆಯಂಥ ಕಳೆಯನ್ನು ನೀರಿನಲ್ಲೇ ಕೊಳೆಯಲು ಬಿಡುವುದೂ ಬೇಸಿಗೆಯಲ್ಲಿ ಸಲ್ಲದು. ಕೈಯಿಂದ ಎಳೆದು ದಡಕ್ಕೆ ಹಾಕಿ, ಗೊಬ್ಬರದ ಗುಂಡಿಗೆ ಆಗುತ್ತದೆ.

ಆಹಾರದ ವಿಷಯದಲ್ಲಿ ಕೈ ಬಿಗಿಹಿಡಿಯಬೇಕು. ಒಂದು ಕೆ.ಜಿ. ಆಹಾರ ಹೊಂಡಕ್ಕೆ ಬಿದ್ದರೆ, ಮೀನು ತಿಂದರೂ ಬಿಟ್ಟರೂ, ಅದು ಅರಗಿ ಕೊಳೆಯುವಷ್ಟರಲ್ಲಿ ಸುಮಾರು ಒಂದು ಕೆ.ಜಿ. ಆಮ್ಲಜನಕ ಬಳಸಿಕೊಳ್ಳುತ್ತದೆ. ಕಡುಬೇಸಿಗೆಯಲ್ಲಿ ಎಂದಿನ ಅರ್ಧಕ್ಕೆ ಇಳಿಸಿ, ಬೆಳಗ್ಗೆ ಒಂಬತ್ತರ ಮೇಲೆ ಒಂದೇ ಹೊತ್ತು ಹಾಕಿ. ಮೋಡದ ದಿನ ಏನೂ ಬೇಡ. ಒಂದು ವಾರ ಉಪವಾಸವಿದ್ದರೂ ಬೆಳೆದ ಗೆಂಡೆಗಳು ಸಾಯುವುದಿಲ್ಲ.

ರಾತ್ರಿ ಹೊಂಡಕ್ಕೆ ಹೋಗುವವರಿಗೆ ಇನ್ನೊಂದು ಮಾತು. ಪಾಚಿಗಟ್ಟಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಜಾರಿ ಬಿದ್ದರೆ ಈಜು ಬಲ್ಲವರಿಗೂ ಮೇಲೆ ಹತ್ತಲಾಗುವುದಿಲ್ಲ. ಗಂಟು ಹಾಕಿದ ಹಗ್ಗವನ್ನು ನಾಲ್ಕೂ ಬದಿಗೆ ಕಟ್ಟಿ ನೀರಿಗೆ ಇಳಿಬಿಡಿ, ಗಾಳಿ ತುಂಬಿದ ಹಳೆಯ ಟ್ಯೂಬೊಂದು ದಡದಲ್ಲಿರಲಿ. ಒಬ್ಬರೇ ಹೋಗಬೇಡಿ. ಏರಿಯೇಟರಿನ ವೈರಿಗೆ ಸೋರಿಕೆ ತಡೆಯುವ ಬ್ರೇಕರ್ ಹಾಕಿಸಿ, ಮೋಟಾರು ಓಡುವಾಗ ನೀರಿಗೆ ಕೈ ಹಾಕಬೇಡಿ.

ಮನೆಯ ಗಾಜಿನ ತೊಟ್ಟಿಗೂ ಆಮ್ಲಜನಕದ ಇದೇ ನಿಯಮ. ಗಾಳಿಯ ಪಂಪನ್ನು ರಾತ್ರಿ ಆರಿಸುವ ರೂಢಿ ಬಿಡಿ, ಗಿಡಗಳಿರುವ ತೊಟ್ಟಿಗೆ ಅದು ಬೇಕಾಗುವುದು ರಾತ್ರಿಯೇ. ನೀರನ್ನು ಎರಡಿಂಚು ಇಳಿಸಿದರೆ ಫಿಲ್ಟರಿನ ನೀರು ಎತ್ತರದಿಂದ ಬಿದ್ದು ಗಾಳಿ ಸೇರಿಸುತ್ತದೆ. ಮುಚ್ಚಳ ತೆಗೆದು ಬಲೆ ಹೊದಿಸಿ, ಮೇಲ್ಮೈಗೆ ಫ್ಯಾನ್ ಬಿಡಿ. ಮಂಜುಗಡ್ಡೆ ಹಾಕಿ ಒಮ್ಮೆಗೇ ತಣ್ಣಗೆ ಮಾಡಬೇಡಿ.

ಎಷ್ಟು ಮಾಡಿದರೂ ಒಂದು ದಿನ ಹೊಂಡದ ಮೀನು ಸತ್ತರೆ ಮೊದಲು ಕಾರಣ ತಿಳಿಯಿರಿ. ನಸುಕಿನಲ್ಲಿ ಸತ್ತು, ದೊಡ್ಡವು ಹೆಚ್ಚಾಗಿದ್ದು, ಬಾಯಿ ತೆರೆದು ಕಿವಿರು ಅಗಲಿಸಿದ್ದರೆ ಅದು ಉಸಿರುಗಟ್ಟಿದ ಸಾವು. ಹೊತ್ತುಗೊತ್ತಿಲ್ಲದೆ ಚಿಕ್ಕದು ದೊಡ್ಡದು ಎಲ್ಲವೂ, ಜೊತೆಗೆ ಕಪ್ಪೆಯೂ ನೀರುಹುಳುವೂ ಸತ್ತಿದ್ದರೆ ಕೀಟನಾಶಕದ ಅನುಮಾನ. ಅಂಥ ಮೀನನ್ನು ತಿನ್ನಲೂಬಾರದು, ಮಾರಲೂಬಾರದು. ತಾಲ್ಲೂಕಿನ ಮೀನುಗಾರಿಕೆ ಇಲಾಖೆಗೆ ತಿಳಿಸಿ, ಶುದ್ಧ ಸೀಸೆಯಲ್ಲಿ ನೀರಿನ ಮಾದರಿ ತೆಗೆದಿಡಿ. ಸತ್ತ ಮೀನನ್ನೆಲ್ಲ ಅದೇ ಬೆಳಗ್ಗೆ ಎತ್ತಿ, ಹೊಂಡದಿಂದ ದೂರ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ, ಬಿಟ್ಟರೆ ಕೊಳೆತು ಉಳಿದವುಗಳ ಉಸಿರನ್ನೂ ತಿನ್ನುತ್ತವೆ. ಮೂರು ದಿನ ಆಹಾರ ನಿಲ್ಲಿಸಿ, ಆ ಮೂರು ರಾತ್ರಿ ಪಂಪು ಓಡಿಸಿ. ನಾಲ್ಕನೆಯ ಬೆಳಗ್ಗೆ ಮೀನು ಮೇಲೆ ಬರದೆ, ಕೈ ತಟ್ಟಿದರೆ ಬೆದರುವಂತಿದ್ದರೆ ಒಂದು ಹಿಡಿ ಹಿಂಡಿ ಹಾಕಿ ನೋಡಬಹುದು.